ಕಟ್ಟಿದ ಕೈಯೇ ಬಿಚ್ಚಬೇಕು

ಮಾವಿನಕಾಯಿ ಬಲಿಯುವ ಹೊತ್ತಿಗೆ ನಮ್ಮ ಕಡೆ ಮಕ್ಕಳ ಮೊಣಕೈ ಮುರಿಯುತ್ತದೆ. ಶ್ರೀನಿವಾಸಪುರದಿಂದ ಮುಳಬಾಗಿಲಿನವರೆಗೆ ತೋಪುಗಳೇ ತೋಪುಗಳು. ಶಾಲೆಗೆ ರಜೆ. ಕಾವಲಿನವನು ಊಟಕ್ಕೆ ಎದ್ದು ಹೋಗುವ ಹೊತ್ತು ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ಕೊಂಬೆ ನೋಡುವುದಕ್ಕೆ ದಪ್ಪಗಿರುತ್ತದೆ, ನಂಬುವ ಹಾಗಿರುವುದಿಲ್ಲ. ಬೀಳುವ ಮಗು ಕೈ ಊರುತ್ತದೆ, ಮೊಣಕೈಗೆ ಸ್ವಲ್ಪ ಮೇಲೆ, ತೋಳಿನ ಮೂಳೆ ತೆಳ್ಳಗಿರುವ ಜಾಗದಲ್ಲಿ ಲಟಕ್ ಎನ್ನುತ್ತದೆ. ಮುರಿದ ಮೂಳೆಯ ಮುಂದೆಯೇ ಕೈಗೆ ರಕ್ತ ಒಯ್ಯುವ ನಾಳವೂ ನರಗಳೂ ಹಾದುಹೋಗುತ್ತವೆ. ಹಾಗಾಗಿ ಮಕ್ಕಳ ಮುರಿತಗಳಲ್ಲೆಲ್ಲ ನನಗೆ ಹೆಚ್ಚು ಭಯ ಇದರದ್ದೇ.

ನಾನು ಮುಳಬಾಗಿಲಿನ ಒಂದು ಆಸ್ಪತ್ರೆಯಲ್ಲಿ ಮೂಳೆ ವೈದ್ಯೆ. ಮೂಳೆ ವೈದ್ಯರೆಂದರೆ ಗಟ್ಟಿಮುಟ್ಟಾದ ಗಂಡಸು ಇರಬೇಕೆಂದು ಜನ ಮೊದಲೇ ನಿರ್ಧರಿಸಿಕೊಂಡು ಬಂದಿರುತ್ತಾರೆ. "ಸಿಸ್ಟರ್, ಮೂಳೆ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?" ಎಂದು ನನ್ನನ್ನೇ ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ, "ಬಂದು ಕೂತಿದ್ದಾರೆ, ಏನಾಯಿತು ಹೇಳಿ," ಎನ್ನುತ್ತೇನೆ.

ಆ ಬೇಸಿಗೆಗೆ ಕೊಂಚ ಮುಂಚೆ ಕೋಲಾರದಲ್ಲಿ ಒಂದು ಸಭೆ ನಡೆಯಿತು. ಮಕ್ಕಳ ಮೂಳೆ, ಕೀಲುಗಳಿಗೆ ಪೆಟ್ಟಾದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಹಳ್ಳಿಗಳ ಆರೋಗ್ಯ ಕೇಂದ್ರಗಳ ವೈದ್ಯರಿಗೂ ನರ್ಸ್‌ಗಳಿಗೂ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯಬೇಕೆಂದು ಅಲ್ಲಿ ತೀರ್ಮಾನವಾಯಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ತಾಲ್ಲೂಕಿಗೊಬ್ಬರಂತೆ ನಾವು ನಾಲ್ವರು. ಒಬ್ಬರಿಗೆ ವರ್ಗವಾಯಿತು. ಇನ್ನೊಬ್ಬರು ಹೆಚ್ಚಿನ ಓದಿಗೆಂದು ಬೆಂಗಳೂರಿಗೆ ಹೋದರು. ಮೂರನೆಯವರು ಇದ್ದರು. ನಾನು ವಾಟ್ಸಾಪ್ ಗುಂಪಿನಲ್ಲಿ ಏನು ಹಾಕಿದರೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು, ಅಷ್ಟೇ. ನಾಲ್ಕು ಜನ ಹೊರಬೇಕಾದದ್ದನ್ನು ಒಬ್ಬಳೇ ಹೊತ್ತೆ. ನಾಲ್ಕು ಜನ ಹೊರುವಂಥದ್ದಕ್ಕೆ ನಮ್ಮಲ್ಲಿ ಬೇರೆ ಹೆಸರೇ ಇದೆ, ಅದು ಬೇಡ.

ಆಸ್ಪತ್ರೆಯಿಂದ ಬಂದು, ಒಬ್ಬಳಿಗಾಗುವಷ್ಟು ಅನ್ನ ಇಟ್ಟು, ಕುಕ್ಕರ್ ಕೂಗುವ ತನಕ ಬರೆಯುತ್ತಿದ್ದೆ. ಮಾಳಿಗೆ ಮೇಲಿನ ಬಾಡಿಗೆ ಮನೆ. ಕೆಳಗಿನ ಮನೆಯ ಟೀವಿಯ ಜಗಳ ನನ್ನ ಮನೆಗೂ ಕೇಳುತ್ತಿತ್ತು. ಬರೆದದ್ದನ್ನು ಎದುರಿನ ಖಾಲಿ ಕುರ್ಚಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಈ ಸಾಲು ತಪ್ಪು ಎಂದು ಜಗಳಕ್ಕೆ ಬರುವ ಒಬ್ಬರಾದರೂ ಇರಲಿ ಎಂದು ಎಷ್ಟು ಅನ್ನಿಸುತ್ತಿತ್ತೆಂದರೆ, ಕೆಲವೊಮ್ಮೆ ಬೇಕೆಂದೇ ತಪ್ಪು ಬರೆದು ಗುಂಪಿಗೆ ಹಾಕುತ್ತಿದ್ದೆ. ಅದಕ್ಕೂ ಹೆಬ್ಬೆರಳು ಬರುತ್ತಿತ್ತು. ಒಂಟಿಯಾಗಿರುವುದು ನನಗೆ ಹೊಸದಲ್ಲ, ಆದರೆ ಕೆಲಸದಲ್ಲಿ ಒಂಟಿಯಾಗುವುದು ಬೇರೆ. ಅದು ಹೆಚ್ಚು ನೋಯಿಸುತ್ತದೆ.

ಸುಲಭದ ಭಾಗಗಳು ಬೇಗ ಮುಗಿದವು. ಮಕ್ಕಳ ಎಳೆಯ ಮೂಳೆ ಹಸಿ ಕಡ್ಡಿಯಂತೆ ಅರ್ಧ ಮುರಿದು ಅರ್ಧ ಬಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೇ ಅಲ್ಲಿ ಬರೆದೆ. ಮಣಿಕಟ್ಟಿನ ಹತ್ತಿರ ಸ್ವಲ್ಪ ಸೊಟ್ಟಗೆ ಕೂಡಿದರೂ ಬೆಳೆಯುತ್ತಾ ನೆಟ್ಟಗಾಗುತ್ತದೆ, ಹೆದರಬೇಡಿ. ಮೊಣಕೈ ಮಾತ್ರ ಹಾಗೆ ಕ್ಷಮಿಸುವುದಿಲ್ಲ. ಊದಿದ ಕೀಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ನರ ಪರೀಕ್ಷಿಸುವುದಕ್ಕೆ ಮಗುವಿನೊಂದಿಗೆ ಆಟವಾಡಿ: ಮುಷ್ಟಿ ಹಿಡಿಯಲಿ, ಹೆಬ್ಬೆರಳು ಎತ್ತಲಿ, ಬೆರಳುಗಳನ್ನು ಅಗಲಿಸಲಿ, ಕೊನೆಗೆ ಸಾರು ಸೊಗಸಾಗಿದೆ ಎಂದು ತೋರಿಸುವ ಹಾಗೆ ಹೆಬ್ಬೆರಳಿನ ತುದಿಯನ್ನೂ ತೋರುಬೆರಳಿನ ತುದಿಯನ್ನೂ ಸೇರಿಸಿ ಉಂಗುರ ಮಾಡಲಿ. ಉಂಗುರ ದುಂಡಗೆ ಬಂದರೆ ಆ ನರ ಚೆನ್ನಾಗಿದೆ. ಚಪ್ಪಟೆಯಾದರೆ ಪೆಟ್ಟಾಗಿದೆ.

ಬಳಿಕ ಬಂತು ಆ ಸಾಲು. ಕೈ ಊದಿ, ಬೆರಳು ಬಣ್ಣ ಬದಲಾಯಿಸಿದ್ದರೆ, ಮೊದಲು ಬಿಗಿ ಕಟ್ಟು ಬಿಚ್ಚಿ. ಬರೆಯುವುದಕ್ಕೆ ಅರೆ ನಿಮಿಷ ಹಿಡಿಯಲಿಲ್ಲ.

ಅದೇ ವಾರ ಗಡಿಯ ಕಡೆಯ ಹಳ್ಳಿಯಿಂದ ಒಬ್ಬ ತಂದೆ ಮಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಮುಂಗೈಗೆ ನಾಟಿ ಕಟ್ಟು. ಬಿದಿರಿನ ಚಕ್ಕೆಗಳನ್ನಿಟ್ಟು, ಮೊಟ್ಟೆಯ ಬಿಳಿ ಬಳಿದ ಬಟ್ಟೆ ಸುತ್ತಿದ್ದು, ಒಣಗಿ ಹಲಗೆಯಂತಾಗಿತ್ತು. ಕತ್ತರಿಸುತ್ತೇನೆ ಎಂದೆ. ಬಿಚ್ಚುವುದಾದರೆ ಬೇಡ, ನೋವಿಗೆ ಒಂದು ಇಂಜೆಕ್ಷನ್ ಹಾಕಿ ಸಾಕು ಎಂದ. ನಾನು ದನಿ ಏರಿಸಿದೆ, ಕೈ ಹೋದರೆ ನೀನೇ ಹೊಣೆ ಎಂದೆ. ಅವನು ಮಗನನ್ನು ಎತ್ತಿಕೊಂಡು ಹೊರಟೇಬಿಟ್ಟ. ಕತ್ತರಿ ಹಿಡಿದು ಗೇಟಿನವರೆಗೆ ಓಡಿದ ನನ್ನನ್ನು ನೋಡಿ ಆಟೋದವರು ನಕ್ಕರು. ಚೀಟಿ ಮಾಡಿಸುವಾಗ ಕೊಟ್ಟ ನಂಬರಿಗೆ ಎಷ್ಟು ಸಲ ಕರೆ ಮಾಡಿದರೂ ಸ್ವಿಚ್ ಆಫ್. ಆ ಮಗುವಿನ ಕೈ ಏನಾಯಿತೋ ಇವತ್ತಿಗೂ ಗೊತ್ತಿಲ್ಲ.

ಅವನು ಯಾಕೆ ಒಪ್ಪಲಿಲ್ಲ ಎಂಬುದು ಮಾತ್ರ ಗೊತ್ತಿತ್ತು. ನಾನೂ ಈ ಕಡೆಯವಳೇ, ಮಾಲೂರಿನವಳು. ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆ ಕೈ ಬಿದ್ದರೆ ಮೂಳೆ ಕೂಡುವುದಿಲ್ಲ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ವೈದ್ಯಕೀಯ ಓದಿದ ಮೇಲೆ ಆ ಮಾತನ್ನು ಅಟ್ಟಕ್ಕೆ ಹಾಕಿದ್ದೆ.

ಈ ಕತೆಯ ಹುಡುಗಿ ಬಂದದ್ದು ಅದಾದ ಕೆಲವು ದಿನಕ್ಕೆ, ಹೊರರೋಗಿಗಳ ಸಾಲು ಬಾಗಿಲು ದಾಟಿ ಬೆಳೆದಿದ್ದ ಬೆಳಿಗ್ಗೆ. ಏಳೆಂಟು ವರ್ಷದವಳು. ಅವಳ ತಂದೆ ತಾಯಲೂರಿನ ಕಡೆ ಮಾವಿನ ತೋಪು ಗುತ್ತಿಗೆ ಹಿಡಿದಿದ್ದ. ಮನೆಮಂದಿಯೆಲ್ಲ ಕಾಯಿ ಇಳಿಯುವ ತನಕ ತೋಪಿನಲ್ಲೇ ಬಿಡಾರ. ಹಿಂದಿನ ದಿನ ಮರದಿಂದ ಬಿದ್ದಿದ್ದಳು. ಸಂಜೆಯೇ ಹತ್ತಿರದ ಹಳ್ಳಿಯ ನಾಟಿ ವೈದ್ಯನ ಹತ್ತಿರ ಕಟ್ಟಿಸಿದ್ದರು. ತಂದೆ ಕಾಯಿಯ ಲೋಡು ಹೊಡೆದುಕೊಂಡು ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದವನು ಫೋನಿಗೆ ಸಿಗುತ್ತಿರಲಿಲ್ಲ. ಜೊತೆಗಿದ್ದವರು ತಾಯಿ ಮತ್ತು ಅಜ್ಜಿ, ತಂದೆಯ ತಾಯಿ. ಕಟ್ಟಿದ ತೋಳನ್ನು ಅಜ್ಜಿ ಬುರ್ಕಾದ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ರಾತ್ರಿಯೆಲ್ಲ ಅತ್ತಳು, ಈಗ ಅಳು ನಿಂತಿದೆ, ನೋವು ಕಡಿಮೆಯಾಗಿರಬೇಕು ಎಂದು ತಾಯಿ ಹೇಳಿದಳು. ಅಳು ನಿಂತದ್ದೇ ಕೆಟ್ಟ ಸೂಚನೆ, ಕೂಡಲೇ ಬೆರಳು ನೋಡಿದೆ. ಕಟ್ಟಿನಿಂದ ಹೊರಗೆ ಕಾಣುತ್ತಿದ್ದ ಬೆರಳುಗಳು ಊದಿ, ಮಾಸಲು ನೀಲಿಯಾಗಿದ್ದವು. ಉಗುರು ಒತ್ತಿ ಬಿಟ್ಟರೆ ಕೆಂಪು ತಿರುಗಿ ಬರಲು ತಡವಾಗುತ್ತಿತ್ತು. ಮುಟ್ಟಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮಡಚಿಕೊಂಡ ಬೆರಳನ್ನು ಮೆಲ್ಲಗೆ ನೇರ ಮಾಡಿದೆ, ಹುಡುಗಿ ಕಿರುಚಿದಳು. ಒಳಗೆ ಮಾಂಸಖಂಡ ರಕ್ತವಿಲ್ಲದೆ ಉಸಿರುಗಟ್ಟುತ್ತಿದೆ ಎಂಬುದಕ್ಕೆ ಇದೇ ಗುರುತು. ಇನ್ನು ಕೆಲವು ಗಂಟೆ ಹೀಗೇ ಬಿಟ್ಟರೆ ಅದು ಸತ್ತು, ಬೆರಳುಗಳು ಹಕ್ಕಿಯ ಉಗುರಿನಂತೆ ಬಾಗಿ ಜೀವನಪೂರ್ತಿ ಹಾಗೇ ನಿಂತುಬಿಡುತ್ತವೆ. ಅಂಥ ಕೈಗಳನ್ನು ನಾನು ನೋಡಿದ್ದೇನೆ. ಮದುವೆಯ ವಯಸ್ಸಿಗೆ ಬಂದ ಹುಡುಗಿಯರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಾರೆ.

ಕತ್ತರಿ ತರಿಸಿದೆ. ಅಜ್ಜಿ ಕಟ್ಟಿನ ಮೇಲೆ ತಮ್ಮ ಅಂಗೈ ಇಟ್ಟರು.

"ನೋಡಿ ಡಾಕ್ಟರಮ್ಮಾ, ನೋಡ್ಬೇಡಿ ಅನ್ನಲ್ಲ. ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆ ಕೈ ಬಿದ್ರೆ ನನ್ನ ಮೊಮ್ಮಗಳ ಕೈ ಕೂಡಲ್ಲ."

ಸೊಸೆಯ ಕಡೆ ನೋಡಿದೆ. ಅವಳು ಅತ್ತೆಯ ಕಡೆ ನೋಡಿದಳು. ಬೆಂಗಳೂರಿನಲ್ಲಿರುವ ನನ್ನ ಹಿರಿಯ ವೈದ್ಯರಿಗೆ ಫೋನ್ ಮಾಡಿದೆ, ಆಪರೇಷನ್ನಿನಲ್ಲಿದ್ದಾರೆ ಎಂದರು. ಕೈಪಿಡಿಯ ಗುಂಪಿನಲ್ಲಿ ಹೀಗಾಗಿದೆ, ಏನು ಮಾಡಲಿ ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಕೈಮುಗಿದ ಚಿತ್ರ ಬಂತು. ಅತ್ತ ದರಿ, ಇತ್ತ ಪುಲಿ. ತುರ್ತಿನಲ್ಲಿ ಬಲವಂತವಾಗಿ ಕತ್ತರಿಸಿದ್ದರೂ ಯಾರೂ ನನ್ನನ್ನು ತಪ್ಪೆನ್ನುತ್ತಿರಲಿಲ್ಲ. ಆದರೆ ಕಟ್ಟು ಬಿಚ್ಚಿದರೆ ಮುಗಿಯಲಿಲ್ಲ, ಮೂಳೆ ಕೂಡಿಸಲು ಆಪರೇಷನ್ ಬೇಕು, ಅದಕ್ಕೆ ಇವರ ಒಪ್ಪಿಗೆ ಬೇಕು. ಸಿಟ್ಟಾಗಿ ಎತ್ತಿಕೊಂಡು ಹೋದರೆ ಮೊನ್ನೆಯ ಬೈಕಿನ ಕತೆಯೇ ಮತ್ತೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಕತ್ತರಿ ಕೆಳಗಿಟ್ಟೆ. ಕಟ್ಟಿದವರ ನಂಬರ್ ಇದೆಯೇ ಎಂದು ಕೇಳಿದೆ. ತಾಯಿಯ ಮೊಬೈಲಿನಲ್ಲಿತ್ತು. ನಮ್ಮ ಕಾಲೇಜಿನಲ್ಲಿ ಯಾರಾದರೂ ನೋಡಿದ್ದರೆ ಏನೆನ್ನುತ್ತಿದ್ದರೋ, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದ ಹಾಗೆಯೇ ಮೂಳೆ ವೈದ್ಯೆಯಾದ ನಾನು ನಾಟಿ ವೈದ್ಯನಿಗೆ ಫೋನ್ ಮಾಡಿದೆ.

ತೆಲುಗಿನಲ್ಲಿ ಮಾತಾಡಿದೆ. ಆಸ್ಪತ್ರೆಯಿಂದ ಎಂದ ಕೂಡಲೇ ಅವನ ದನಿ ಇಳಿಯಿತು. ಹಿಂದೆ ಯಾರೋ ಪೊಲೀಸರ ಹೆಸರು ಹೇಳಿ ಹೆದರಿಸಿದ್ದರಂತೆ. ನಾನು ಕಟ್ಟುವಾಗ ಸರಿಯಾಗಿಯೇ ಇತ್ತು, ರಾತ್ರಿ ಊದಿದ್ದಕ್ಕೆ ನಾನೇನು ಮಾಡಲಿ ಎಂದ. ತಪ್ಪು ಒಪ್ಪು ಹುಡುಕಲು ಫೋನ್ ಮಾಡಿಲ್ಲ ಯಜಮಾನ್ರೇ, ಬೆರಳು ನೀಲಿಯಾಗಿದೆ, ನೀವು ಬಂದು ತಲುಪುವಷ್ಟು ಹೊತ್ತಿಲ್ಲ, ನನ್ನ ಕೈಗೆ ಅಪ್ಪಣೆ ಕೊಡಿ ಎಂದೆ. ಅವನು ಸ್ಪೀಕರ್ ಹಾಕಲು ಹೇಳಿ, ಅಜ್ಜಿಗೆ ಕನ್ನಡದಲ್ಲಿ ಡಾಕ್ಟರಮ್ಮನ ಕೈ ನನ್ನ ಕೈಯೇ ಅಂದುಕೊಳ್ಳಿ ಎಂದ. ಅಜ್ಜಿ ಅಂಗೈ ತೆಗೆಯಲಿಲ್ಲ. ಫೋನಿನಲ್ಲಿ ಮಾತು ಬರುತ್ತದೆ, ಕೈ ಬರುತ್ತದೆಯೇ ಎಂದರು. ಅಷ್ಟು ಭಯದಲ್ಲೂ ನನಗೆ ಆ ಮಾತು ಒಪ್ಪಿಗೆಯಾಯಿತು.

ಅವರ ಅಂಗೈಯನ್ನೇ ನೋಡುತ್ತಾ ನಿಂತಿದ್ದಾಗ ಅಟ್ಟಕ್ಕೆ ಹಾಕಿದ್ದ ನೆನಪೊಂದು ಇಳಿದು ಬಂತು. ಮಾಲೂರಿನಲ್ಲಿ ನನ್ನ ಅಜ್ಜಿಯ ಮಣಿಕಟ್ಟು ಮುರಿದಾಗ ಕಟ್ಟು ಹಾಕಿದವರು ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿ, ಬಿಡಬೇಡ ಎಂದಿದ್ದರು. ಮೊಟ್ಟೆ ಬಳಿದ ಬಟ್ಟೆ ಜಾರುತ್ತದೆ. ಇನ್ನೊಬ್ಬರು ತುದಿ ಹಿಡಿಯದೆ ಆ ಕಟ್ಟು ಆಗುವುದೇ ಇಲ್ಲ.

"ಯಜಮಾನ್ರೇ, ನಿನ್ನೆ ಕಟ್ಟುವಾಗ ಬಟ್ಟೆ ತುದಿ ಹಿಡಿದೋರು ಯಾರು?" ಎಂದು ಕೇಳಿದೆ.

ಅವನಿಗೆ ಕೂಡಲೇ ಹೊಳೆಯಿತು. ಮತ್ತೆ ಅಜ್ಜಿಗೇ ಹೇಳಿದ. "ಅಮ್ಮಾ, ತುದಿ ಹಿಡ್ದಿದ್ದು ನೀವೇ ಅಲ್ವಾ? ಅರ್ಧ ಕಟ್ಟು ನಿಮ್ದೇ. ನಿಮ್ ಕೈಲೇ ಬಿಚ್ಚಿ. ನಾನು ಹೇಳ್ತಾ ಇದೀನಲ್ಲ."

ಅಜ್ಜಿ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಬಾಯಲ್ಲಿ ಏನೋ ಹೇಳಿಕೊಂಡು, "ನೀರು ತನ್ನಿ," ಎಂದರು.

ಬೆಚ್ಚನೆಯ ನೀರು ಸುರಿಸಿ ಬಟ್ಟೆ ನೆನೆಸಿದೆವು. ನಾನು ಮೊಣಕೈಯನ್ನು ಕೆಳಗಿನಿಂದ ಆನಿಸಿ ಹಿಡಿದೆ. ಅಜ್ಜಿ ಸುತ್ತು ಸುತ್ತಾಗಿ ಬಿಚ್ಚಿದರು, ಚಕ್ಕೆಗಳನ್ನು ಒಂದೊಂದಾಗಿ ತೆಗೆದಿಟ್ಟರು. ಕೆಳಗೆ ಚರ್ಮದ ಮೇಲೆ ನೀರುಗುಳ್ಳೆಗಳು, ಚಕ್ಕೆಯ ಅಚ್ಚುಗಳು. ತೀರ ಮಡಚಿದ್ದ ಮೊಣಕೈಯನ್ನು ಸ್ವಲ್ಪ ಸಡಿಲಿಸಿದೆ. ನಾವು ಮೂವರು ಹೆಂಗಸರು ಆ ಐದು ಬೆರಳನ್ನು ನೋಡುತ್ತಾ ನಿಂತೆವು. ಬಹಳ ನಿಧಾನವಾಗಿ ಕಿರುಬೆರಳಿನ ಕಡೆಯಿಂದ ಬಣ್ಣ ತಿರುಗಿತು. ಈಗ ಬೆರಳು ನೇರ ಮಾಡಿದರೆ ಹುಡುಗಿ ಮುಖ ಕಿವಿಚಿದಳು, ಕಿರುಚಲಿಲ್ಲ. ಮುಂಗೈಯ ಬಿಗಿತ ಇಳಿದು ಮೆತ್ತಗಾಗುತ್ತಿತ್ತು. ಆದರೆ ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಉಂಗುರ ಮಾಡು ಎಂದೆ. ಹೆಬ್ಬೆರಳೂ ತೋರುಬೆರಳೂ ತುದಿ ಬಾಗದೆ ಚಪ್ಪಟೆಯಾಗಿ ಒಂದಕ್ಕೊಂದು ತಾಗಿದವು.

ನಮ್ಮಲ್ಲಿ ಆ ದಿನ ಅರಿವಳಿಕೆ ವೈದ್ಯರಿರಲಿಲ್ಲ. ಹತ್ತಿ ಸುತ್ತಿ, ಒಂದು ಪಕ್ಕಕ್ಕೆ ಮಾತ್ರ ಪ್ಲಾಸ್ಟರಿನ ಪಟ್ಟಿ ಕೊಟ್ಟು, ಕೋಲಾರದ ಆಸ್ಪತ್ರೆಗೆ ಫೋನ್ ಮಾಡಿ, ಆಪರೇಷನ್ ನಾನೇ ಮಾಡಲು ಜಾಗ ಕೇಳಿಕೊಂಡು, ಆಂಬುಲೆನ್ಸಿನಲ್ಲಿ ನಾನೂ ಹತ್ತಿದೆ. ಕೊನೆಗೂ ಫೋನಿಗೆ ಸಿಕ್ಕ ತಂದೆ ಮಂಡಿಯಿಂದ ನೇರ ಅಲ್ಲಿಗೇ ಬಂದ. ಅವನ ಅಂಗಿಯೆಲ್ಲ ಮಾವಿನ ಸೊನೆಯ ಕಲೆ. ಸಹಿ ಹಾಕುವ ಮುಂಚೆ ತನ್ನ ತಾಯಿಯ ಮುಖ ನೋಡಿದ. ಅವರು ಹೂಂ ಎಂದರು.

ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ತೋಳನ್ನು ಮೆಲ್ಲಗೆ ಎಳೆದು, ಸರಿದ ತುಂಡನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿ ಕೂರಿಸಿದೆ. ಹೊರಬದಿಯಿಂದ ಎರಡು ತೆಳ್ಳನೆಯ ಕಂಬಿ ತೂರಿಸಿದೆ. ಮೂಳೆ ಚೆನ್ನಾಗಿ ಕೂತಿತು. ಕೈ ಬೆಚ್ಚಗಾಯಿತು, ಗುಲಾಬಿ ಬಣ್ಣಕ್ಕೆ ಬಂತು. ನಾಡಿ ಮಾತ್ರ ಇನ್ನೂ ಇಲ್ಲ. ಇಂಥ ಹೊತ್ತಿಗೆ ಏನು ಮಾಡಬೇಕೆಂದು ನಾನೇ ಬರೆದಿದ್ದೆ: ಕೈ ಬೆಚ್ಚಗಿದ್ದು ಬಣ್ಣ ಚೆನ್ನಾಗಿದ್ದರೆ ನಾಳವನ್ನು ಕೆದಕಲು ಹೋಗಬೇಡಿ, ಮತ್ತೆ ಮತ್ತೆ ನೋಡುತ್ತಾ ಕಾಯಿರಿ. ಕಾಯಿರಿ ಎಂದು ಬರೆದವಳು ಈಗ ಕಾಯಬೇಕಾಯಿತು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅಪರಿಚಿತ ವಾರ್ಡು, ನನ್ನ ಕೆಲಸ ಮುಗಿಯಿತೆಂದುಕೊಂಡ ಅಲ್ಲಿನವರು ಒಬ್ಬೊಬ್ಬರಾಗಿ ಹೊರಟರು. ಹುಡುಗಿಯ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿದ್ದೆ. ಅದರ ಪರದೆಯ ಮೇಲೆ ಅಲೆ ಬರುವ ಬದಲು ಗೆರೆ ಸುಮ್ಮನೆ ನಡುಗುತ್ತಿತ್ತು. ತಪ್ಪು ಮಾಡುತ್ತಿದ್ದೇನೆಯೇ, ಈಗಲೇ ಬೆಂಗಳೂರಿಗೆ ಕಳಿಸಬೇಕಿತ್ತೇ ಎಂದು ಕೇಳಲು ಪಕ್ಕದಲ್ಲಿ ಒಬ್ಬರಿಲ್ಲ. ಅಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ನನ್ನದೇ ನಾಡಿಯನ್ನು ಅವಳದೆಂದು ಭ್ರಮಿಸಿ, ಕೈ ತೆಗೆದು, ಮತ್ತೆ ಇಟ್ಟು, ಹೀಗೇ ಹೊತ್ತು ಕಳೆಯಿತು. ಹೊರಗೆ ಸಂಜೆಯ ಮಗ್ರಿಬ್‌ನ ಆಜಾನ್ ಕೇಳುವ ವೇಳೆಗೆ ಪರದೆಯ ಗೆರೆ ಸಣ್ಣದಾಗಿ ಏಳುತ್ತಾ ಇಳಿಯುತ್ತಾ ಅಲೆಯಾಯಿತು. ಬೆರಳಿಟ್ಟು ನೋಡಿದೆ. ದಾರದಷ್ಟು ತೆಳುವಾಗಿ ನಾಡಿ ಸಿಕ್ಕಿತು.

ಉಂಗುರದ ವಿಷಯವನ್ನು ಮನೆಯವರಿಗೆ ಮುಚ್ಚಿಡಲಿಲ್ಲ. ನರ ಜಜ್ಜಿದೆ, ಸಾಮಾನ್ಯವಾಗಿ ತಿರುಗಿ ಬರುತ್ತದೆ, ಬರುತ್ತದೆಂದು ಮಾತು ಕೊಡಲಾರೆ ಎಂದೆ. ಮುಳಬಾಗಿಲಿಗೆ ತೋರಿಸಲು ಬಂದಾಗಲೆಲ್ಲ ಹುಡುಗಿ ಬಾಗಿಲಲ್ಲೇ ಉಂಗುರ ಮಾಡಿ ತೋರಿಸುತ್ತಿದ್ದಳು. ಪ್ರತಿಸಲವೂ ಚಪ್ಪಟೆ.

ಕೈಪಿಡಿಯಲ್ಲಿ ಆ ಸಾಲಿನ ಕೆಳಗೆ ಇನ್ನಷ್ಟು ಸೇರಿಸಿದೆ. ಬಿಚ್ಚಲು ಮನೆಯವರು ಒಪ್ಪದಿದ್ದರೆ ಜಗಳದಲ್ಲಿ ಹೊತ್ತು ಕಳೆಯಬೇಡಿ. ಕಟ್ಟಿದವರಿಗೆ ಫೋನ್ ಮಾಡಿ. ಕಟ್ಟುವಾಗ ತುದಿ ಹಿಡಿದವರು ಯಾರೆಂದು ಕೇಳಿ, ಅವರ ಕೈಯಿಂದಲೇ ಬಿಚ್ಚಿಸಿ.

ಕರಡು ನೋಡುವ ಸಭೆ ಕೋಲಾರದಲ್ಲಿ, ಹುಡುಗಿಯ ಕಂಬಿ ತೆಗೆಯಬೇಕಾದ ದಿನವೇ ಬಿತ್ತು. ಕಂಬಿ ತೆಗೆಯುವುದು ದೊಡ್ಡ ಕೆಲಸವಲ್ಲ, ಡ್ಯೂಟಿ ವೈದ್ಯರಿಗೆ ಹೇಳಿ ಹೋದೆ. ಸಭೆಯಲ್ಲಿ ಉಳಿದದ್ದಕ್ಕೆಲ್ಲ ತಲೆಯಾಡಿಸಿದರು. ಹೊಸದಾಗಿ ಸೇರಿಸಿದ ಸಾಲಿಗೆ ಬಂದಾಗ ಅಧ್ಯಕ್ಷರು ಕನ್ನಡಕ ತೆಗೆದರು.

"ನಾಟಿಯವನಿಗೆ ಫೋನ್ ಮಾಡಿ ಅಂತ ನಾವೇ ಬರೆದ್ರೆ ಜನ ನಗ್ತಾರಮ್ಮ. ಇದನ್ನ ತೆಗೆದು ಸಂಜೆ ಒಳಗೆ ಕಳಿಸಿಬಿಡಿ."

ವಾದ ಮಾಡಿದೆ. ಹೆಬ್ಬೆರಳಿನವರು ಎದುರಿಗೇ ಕೂತು ಕರಡಿನ ಪುಟ ತಿರುಗಿಸುತ್ತಿದ್ದರು. ಸಾಕಾಗಿಹೋಯಿತು. ಆಗಲಿ ಎಂದು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಇಷ್ಟು ದಿನ ಯಾರಿಗಾಗಿ ಬರೆದೆ ಎಂದು ಯೋಚಿಸುತ್ತಾ ಕೂತಿದ್ದೆ.

ಆಸ್ಪತ್ರೆಯ ಬಾಗಿಲಲ್ಲೇ ನರ್ಸ್ ಸಿಕ್ಕಿ, ಬೆಳಿಗ್ಗೆಯಿಂದ ಒಬ್ಬರು ಕೂತಿದ್ದಾರೆ, ಎಷ್ಟು ಹೇಳಿದರೂ ಡ್ಯೂಟಿ ಡಾಕ್ಟರ ಕೈಗೆ ಮಗು ಕೊಡುತ್ತಿಲ್ಲ ಎಂದಳು. ಖಾಲಿಯಾದ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಅಜ್ಜಿ, ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ ಹುಡುಗಿ. ಬೇರೆಯವರು ತೆಗೆದಿದ್ದರೂ ಆಗುತ್ತಿತ್ತಲ್ಲಮ್ಮಾ, ಇಷ್ಟು ಹೊತ್ತು ಯಾಕೆ ಕಾದಿರಿ ಎಂದೆ.

"ಕಂಬಿ ಹಾಕಿದ ಕೈ ನಿಮ್ದು," ಎಂದರು ಅಜ್ಜಿ. "ನೀವೇ ತೆಗೀಬೇಕು."

ನನಗೆ ಅಳು ಬಂತು. ಮುಖ ತೊಳೆದು ಬರುತ್ತೇನೆಂದು ಒಳಗೆ ಹೋಗಿ, ನಲ್ಲಿ ತಿರುಗಿಸಿ ಅತ್ತೆ. ಆ ಊರಿನಲ್ಲಿ ಇಂಥವಳ ಕೈಯೇ ಆಗಬೇಕೆಂದು ನನಗಾಗಿ ಕಾದವರು ಅವರೊಬ್ಬರೇ.

ಪ್ಲಾಸ್ಟರಿನ ಪಟ್ಟಿ ತೆಗೆದೆ. ಇಕ್ಕಳ ನೋಡಿ ಹುಡುಗಿ ಹೆದರಿದಳು. ತುದಿ ಹಿಡೀರಿ ಎಂದು ಅವಳ ಬೆರಳುಗಳನ್ನು ಅಜ್ಜಿಯ ಕೈಗೆ ಕೊಟ್ಟೆ. ಕಂಬಿಗಳು ಒಂದಾದ ಮೇಲೊಂದು ಸಲೀಸಾಗಿ ಬಂದವು. ಅತ್ತು ಮುಗಿದ ಮೇಲೆ ಹುಡುಗಿ ಯಾರೂ ಕೇಳದೆ ತಾನಾಗಿಯೇ ಉಂಗುರ ಮಾಡಿದಳು. ತೋರುಬೆರಳಿನ ತುದಿ ನಡುಗಿತು, ಚೂರೇ ಚೂರು ಬಾಗಿತು. ದುಂಡಗೇನೂ ಆಗಲಿಲ್ಲ. ಆದರೆ ಚಪ್ಪಟೆಯಾಗಿರಲಿಲ್ಲ. ಅಜ್ಜಿ ತಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಅದರ ಪಕ್ಕದಲ್ಲಿ ಹಿಡಿದು ಹೋಲಿಸಿ ನೋಡಿದರು.

ಅವರು ಹೋದ ಮೇಲೆ ಅದೇ ಕೋಣೆಯಲ್ಲಿ ಕೂತು ಕೈಪಿಡಿಯ ಕಡತ ತೆರೆದೆ. ಅಧ್ಯಕ್ಷರು ಹೇಳಿದ್ದ ಚಿಕ್ಕಪುಟ್ಟ ತಿದ್ದುಪಡಿಗಳನ್ನೆಲ್ಲ ಮಾಡಿದೆ. ಕೊನೆಗೆ ಆ ಸಾಲಿಗೆ ಬಂದೆ. ಬರೆದವಳು ನಾನು. ತೆಗೆಯುವುದಿದ್ದರೆ ನಾನೇ ತೆಗೆಯಬೇಕು. ತೆಗೆಯಲಿಲ್ಲ, ಹಾಗೇ ಕಳಿಸಿದೆ.